ಗುಜರಿಗೆ ಹೋಗಬೇಕಿದ್ದ ಹಡಗು, ಜರ್ಮನಿಯ ನಂಬರ್ 1 ಬೇಟೆಗಾರನನ್ನೇ ಹಿಡಿಯಿತು: ‘ವಾಕರ್’ ಕಥೆ

2023ರ ಡಿಸೆಂಬರ್ 23. ಸೌದಿ ಅರೇಬಿಯಾದಿಂದ ಕಚ್ಚಾ ತೈಲ ತುಂಬಿಕೊಂಡು ನಮ್ಮ ನವಮಂಗಳೂರು ಬಂದರಿಗೆ ಬರ್ತಿದ್ದ ‘ಕೆಮ್ ಪ್ಲೂಟೊ’ ಅನ್ನೋ ಹಡಗಿಗೆ ಅರಬ್ಬೀ ಸಮುದ್ರದಲ್ಲಿ ಡ್ರೋನ್ ಬಡಿಯಿತು. ಹಡಗಿನಲ್ಲಿದ್ದವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಭಾರತೀಯರು. ಬೆಂಕಿ ಆರಿಸಿದ ಮೇಲೆ ಹಡಗು ಒಂಟಿಯಾಗಿ ಹೊರಡಲಿಲ್ಲ. ಕೋಸ್ಟ್ ಗಾರ್ಡ್‌ನ ‘ವಿಕ್ರಮ್’ ಜೊತೆಯಲ್ಲೇ ಇದ್ದು ಮುಂಬೈವರೆಗೂ ಕರ್ಕೊಂಡು ಹೋಯಿತು. ಆಮೇಲೆ ನೌಕಾಪಡೆ ತನ್ನ ಡಿಸ್ಟ್ರಾಯರ್‌ಗಳನ್ನು ಆ ಭಾಗದ ಕಾವಲಿಗೆ ಬಿಟ್ಟಿತು.

ಸರಕಿನ ಹಡಗಿನ ಪಕ್ಕ ಯುದ್ಧದ ಹಡಗು ಕಾವಲು ಹೋಗೋ ಈ ಕೆಲಸಕ್ಕೆ ದೊಡ್ಡ ಇತಿಹಾಸ ಇದೆ. ಅತಿ ಹೆಚ್ಚು ರಕ್ತ ಸುರಿಸಿ ಅದನ್ನು ಕಲಿತದ್ದು ಎರಡನೇ ಮಹಾಯುದ್ಧದ ಅಟ್ಲಾಂಟಿಕ್ ಸಾಗರದಲ್ಲಿ. ಅಲ್ಲಿ ಹೆಸರು ಮಾಡಿದ ಹಡಗುಗಳೆಲ್ಲ ಹೊಸಾವು ಅಂದ್ಕೊಂಡ್ರೆ ತಪ್ಪು. ಇಪ್ಪತ್ತು ವರ್ಷ ದಾಟಿ, ತುಕ್ಕು ಹಿಡಿದು, ಇನ್ನೇನು ಗುಜರಿಗೆ ಹಾಕೋಣ ಅಂತಿದ್ದ ಹಡಗುಗಳೇ ಮೊದಲ ವರ್ಷಗಳ ಭಾರ ಹೊತ್ತವು. ಅವುಗಳಲ್ಲಿ ಒಂದು ಬ್ರಿಟನ್ನಿನ ‘ವಾಕರ್’.

ಸ್ಟಾಕ್ ಬರಲಿಲ್ಲ ಅಂದ್ರೆ ಅಂಗಡಿ ನಡೆಯಲ್ಲ

ಬ್ರಿಟನ್ ಒಂದು ದ್ವೀಪ. ಅಲ್ಲಿನ ಜನ ತಿನ್ನೋ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರಬೇಕಿತ್ತು. ಪೆಟ್ರೋಲ್, ಡೀಸೆಲ್ ಅಂತೂ ಪೂರ್ತಿ ಹಡಗಿನ ಮೇಲೆ. ಗೋಧಿ, ಮೆಕ್ಕೆಜೋಳ, ಮಾಂಸ, ಕಬ್ಬಿಣ, ಮರ, ಪೇಪರ್ ಎಲ್ಲಾ ಅಮೆರಿಕ, ಕೆನಡಾ ಕಡೆಯಿಂದ ಅಟ್ಲಾಂಟಿಕ್ ದಾಟಿ ಬರಬೇಕು. ಹೋಲ್‌ಸೇಲ್ ಮಂಡಿಯಿಂದ ಲಾರಿ ಬರೋದು ಒಂದು ವಾರ ನಿಂತ್ರೆ ನಮ್ಮ ಪೇಟೆ ಬೀದಿ ಅಂಗಡಿಗಳ ಗತಿ ಏನಾಗುತ್ತೆ ಅಂತ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿನಲ್ಲಿ ಇಡೀ ದೇಶಕ್ಕೇ ಆ ಹೆದರಿಕೆ ಇತ್ತು.

1940ರ ಜನವರಿ 8ಕ್ಕೆ ಅಲ್ಲಿ ಸಕ್ಕರೆ, ಬೆಣ್ಣೆ, ಹಂದಿ ಮಾಂಸಕ್ಕೆ ರೇಷನ್ ಶುರುವಾಯಿತು. ಅದೇ ಜುಲೈನಲ್ಲಿ ಚಹಾಕ್ಕೂ ಬಂತು. ಒಬ್ಬರಿಗೆ ವಾರಕ್ಕೆ ಎರಡು ಔನ್ಸ್, ಅಂದ್ರೆ 56 ಗ್ರಾಂ ಪುಡಿ. ಚಹಾ ಇಲ್ಲದೆ ಬೆಳಗಾಗದ ಜನ ಅವರು. ಕಿರಾಣಿ ಅಂಗಡಿಯವನು ಪ್ರತಿ ಗಿರಾಕಿಯ ರೇಷನ್ ಪುಸ್ತಕ ನೋಡಿ ಲೆಕ್ಕ ಇಟ್ಟು ತೂಗಬೇಕಿತ್ತು.

ಇದು ಜರ್ಮನಿಗೂ ಗೊತ್ತಿತ್ತು. ಬ್ರಿಟನ್ ಮೇಲೆ ಸೈನ್ಯ ಇಳಿಸೋದು ಕಷ್ಟ, ಆದ್ರೆ ಸರಕಿನ ಹಡಗು ಮುಳುಗಿಸಿದ್ರೆ ದೇಶ ಹಸಿವಿನಿಂದಲೇ ಸೋಲುತ್ತೆ ಅನ್ನೋದು ಅವರ ಲೆಕ್ಕ. ಅದಕ್ಕೆ ಅವರ ಆಯುಧ ‘ಯು-ಬೋಟ್’. ಹಾಗಂದ್ರೆ ಜರ್ಮನ್ ಸಬ್‌ಮೆರಿನ್.

1940ರ ಬೇಸಿಗೆಯಲ್ಲಿ ಫ್ರಾನ್ಸ್ ಸೋತಿತು. ಫ್ರಾನ್ಸಿನ ಅಟ್ಲಾಂಟಿಕ್ ಕಡೆಯ ಬಂದರುಗಳು ಜರ್ಮನಿ ಕೈಗೆ ಸಿಕ್ಕಿ, ಯು-ಬೋಟ್‌ಗಳಿಗೆ ಅಟ್ಲಾಂಟಿಕ್ ಮನೆ ಬಾಗಿಲಿಗೇ ಬಂದಂಗಾಯಿತು. ಅಲ್ಲಿಂದ ಹಡಗು ಮುಳುಗೋ ಸಂಖ್ಯೆ ಏರ್ತಾ ಹೋಯಿತು.

ಕಾನ್ವಾಯ್ ಅಂದ್ರೆ ಇಷ್ಟೇ

ಮಂತ್ರಿಗಳು ಬಂದಾಗ ಮುಂದೆ ಹಿಂದೆ ಪೊಲೀಸ್ ಜೀಪು ಓಡುತ್ತಲ್ಲ, ಅದನ್ನೂ ಕಾನ್ವಾಯ್ ಅಂತಾರೆ. ಸಮುದ್ರದಲ್ಲೂ ಅರ್ಥ ಅದೇ, ಆದ್ರೆ ವೇಗ ಮಾತ್ರ ಉಲ್ಟಾ. ನಲವತ್ತು ಸರಕಿನ ಹಡಗು ಎಂಟೊಂಬತ್ತು ಸಾಲಾಗಿ, ಸಾಲಿಗೂ ಸಾಲಿಗೂ ಸುಮಾರು ಒಂದು ಕಿಲೋಮೀಟರ್ ಬಿಟ್ಟು, ಗದ್ದೆಯಲ್ಲಿ ನಾಟಿ ಹಾಕಿದಂಗೆ ಸಾಗುತ್ತವೆ. ಎಲ್ಲಕ್ಕಿಂತ ನಿಧಾನದ ಹಡಗು ಎಷ್ಟು ವೇಗದಲ್ಲಿ ಹೋಗುತ್ತೋ ಇಡೀ ಗುಂಪು ಅಷ್ಟೇ ವೇಗ. ಗಂಟೆಗೆ 17-18 ಕಿಲೋಮೀಟರ್, ಅಂದ್ರೆ ಆರಾಮಾಗಿ ತುಳಿಯೋ ಸೈಕಲ್ ಲೆಕ್ಕ. ಆ ವೇಗದಲ್ಲಿ ಅಟ್ಲಾಂಟಿಕ್ ದಾಟೋಕೆ ಎರಡು ವಾರಕ್ಕೂ ಹೆಚ್ಚು ಹಿಡಿಯೋದು.

ಹಿಂಡಾಗಿ ಹೋದ್ರೆ ಒಂದೇ ಏಟಿಗೆ ಎಲ್ಲಾ ಸಿಗಲ್ವಾ ಅಂತ ಯಾರಾದ್ರೂ ಕೇಳಬಹುದು. ಸಮುದ್ರ ಅಷ್ಟು ದೊಡ್ಡದು. ನಲವತ್ತು ಒಂಟಿ ಹಡಗುಗಳು ನಲವತ್ತು ಕಡೆ ಕಣ್ಣಿಗೆ ಬೀಳೋ ಅವಕಾಶಕ್ಕಿಂತ ಒಂದು ಹಿಂಡು ಕಣ್ಣಿಗೆ ಬೀಳೋ ಅವಕಾಶ ತೀರಾ ಕಮ್ಮಿ. ಜೊತೆಗೆ ಕಾವಲು ಹಾಕೋಕೆ ಒಂದು ಜಾಗ ಸಿಗುತ್ತೆ. ಕುರಿ ಚದುರಿದ್ರೆ ನಾಯಿ ಎಷ್ಟು ಕಡೆ ಓಡೋದು?

ಕಷ್ಟ ಏನಂದ್ರೆ, ಕಾವಲು ನಾಯಿಗಳೇ ಸಾಕಷ್ಟಿರಲಿಲ್ಲ. ಹೊಸ ಡಿಸ್ಟ್ರಾಯರ್‌ಗಳು ದೊಡ್ಡ ಯುದ್ಧನೌಕೆಗಳ ಜೊತೆ ಬೇಕಿದ್ದವು. ನಾರ್ವೆಯಲ್ಲಿ, ಡಂಕರ್ಕ್‌ನಲ್ಲಿ ಹಲವು ಮುಳುಗಿದ್ದವು, ಎಷ್ಟೋ ರಿಪೇರಿಗೆ ನಿಂತಿದ್ದವು. ಬ್ರಿಟನ್ ಅಮೆರಿಕದ ಹತ್ತಿರ ಬೇಡಿ 50 ಹಳೇ ಡಿಸ್ಟ್ರಾಯರ್ ತಂದಿತು. ಬದಲಿಗೆ ತನ್ನ ನೆಲೆಗಳ ಜಾಗವನ್ನೇ 99 ವರ್ಷಕ್ಕೆ ಬಿಟ್ಟುಕೊಡಬೇಕಾಯಿತು. ಹಳೇ ಮಾಲಿಗೆ ಅಷ್ಟು ಬೆಲೆ ಬಂದಿತ್ತು.

1918ರ ಮಾಡೆಲ್

ವಾಕರ್ ಹುಟ್ಟಿದ್ದು ಸ್ಕಾಟ್ಲೆಂಡಿನ ಡಂಬಾರ್ಟನ್ ಊರಿನ ವಿಲಿಯಂ ಡೆನ್ನಿ ಕಾರ್ಖಾನೆಯಲ್ಲಿ. 1917ರ ನವೆಂಬರ್‌ನಲ್ಲಿ ನೀರಿಗಿಳಿದು 1918ರ ಫೆಬ್ರವರಿಯಲ್ಲಿ ಸೇವೆಗೆ ಸೇರಿತು. ಉದ್ದ 95 ಮೀಟರ್, ಅಗಲ ಬರೀ 9 ಮೀಟರ್. ಉದ್ದಕ್ಕೆ, ತೆಳ್ಳಗೆ, ಪೆನ್ಸಿಲ್ ತರ. ತೂಕ ಸುಮಾರು 1,100 ಟನ್. ಮೂರು ಬಾಯ್ಲರ್, 27,000 ಅಶ್ವಶಕ್ತಿ. ಹೊಸದರಲ್ಲಿ ಗಂಟೆಗೆ 63 ಕಿಲೋಮೀಟರ್ ಹತ್ತಿರ ಓಡ್ತಿತ್ತು. ಇದೇ ಮಾದರಿಯ, ವಿ ಮತ್ತು ಡಬ್ಲ್ಯೂ ಅಕ್ಷರದಿಂದ ಹೆಸರು ಶುರುವಾಗೋ 67 ಹಡಗು ತಯಾರಾದವು.

1919ರಲ್ಲಿ ವಾಕರ್ ಬಾಲ್ಟಿಕ್ ಸಮುದ್ರಕ್ಕೆ ಹೋಗಿ ರಷ್ಯಾದ ಬೋಲ್ಶೆವಿಕ್ ಹಡಗುಗಳ ಗುಂಡು ತಿಂದು ಬಂದಿತ್ತು. ಆಮೇಲೆ ಶಾಂತಿಯ ಕಾಲ. 1930ರ ದಶಕದಲ್ಲಿ ಬಹಳಷ್ಟು ದಿನ ಕೆಲಸವಿಲ್ಲದೆ ರಿಸರ್ವ್‌ನಲ್ಲಿ ಕಟ್ಟಿಹಾಕಿದ್ರು. ಡಿಪೋ ಮೂಲೆಯಲ್ಲಿ ನಿಂತ ಹಳೇ ಬಸ್ಸಿನ ಹಾಗೆ. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದಾಗ ಮತ್ತೆ ಬೆಂಕಿ ಹೊತ್ತಿಸಿ ಹೊರಡಿಸಿದ್ರು. ಶಕುನವೇ ಸರಿಯಿರಲಿಲ್ಲ. ಅದೇ ತಿಂಗಳು ತನ್ನದೇ ಜಾತಿಯ ‘ವ್ಯಾಂಕ್ವಿಷರ್’ ಹಡಗಿಗೆ ಡಿಕ್ಕಿ ಹೊಡೆದು ರಿಪೇರಿಗೆ ಹೋಯಿತು.

ಈ ಹಡಗುಗಳನ್ನು ಕಟ್ಟಿದ್ದು ಉತ್ತರ ಸಮುದ್ರದಲ್ಲಿ ಎರಡು ಮೂರು ದಿನ ಓಡಾಡಿ ವಾಪಸ್ ಬರೋಕೆ. ಅಟ್ಲಾಂಟಿಕ್‌ನ ಚಳಿಗಾಲಕ್ಕೆ ಅಲ್ಲ. ತೆಳ್ಳಗಿದ್ದಿದ್ದರಿಂದ ಅಲೆಗೆ ತೊಟ್ಟಿಲ ತರ ತೂಗೋದು. ಮೇಲೆ ಬಿದ್ದ ನೀರು ಹಳೇ ಕೀಲುಗಳ ಸಂದಿಯಿಂದ ಇಳಿದು ನಾವಿಕರು ಮಲಗೋ ಜಾಗಕ್ಕೇ ಬರೋದು. ನೂರಕ್ಕೂ ಹೆಚ್ಚು ಜನ, ಮೈ ಚಾಚೋಕೂ ಜಾಗ ಇಲ್ಲದ ಕಡೆ, ಒದ್ದೆ ಬಟ್ಟೆಯಲ್ಲೇ ದಿನಗಟ್ಟಲೆ. ಗುಂಡಿಗಿಂತ ಮೊದಲು ಮನುಷ್ಯನನ್ನು ಸುಸ್ತು ಮಾಡ್ತಿದ್ದದ್ದು ಈ ಚಳಿ, ಈ ತೂಗಾಟ.

ಹಾಗಾದ್ರೆ ಹಳೇ ಹಡಗಿಗೆ ಅಷ್ಟು ಬೇಡಿಕೆ ಯಾಕೆ?

ಉತ್ತರ ವೇಗದಲ್ಲಿದೆ. ಕಾವಲು ಕೆಲಸಕ್ಕೆ ಅಂತಲೇ ಬ್ರಿಟನ್ ಅವಸರದಲ್ಲಿ ‘ಕಾರ್ವೆಟ್’ ಅನ್ನೋ ಸಣ್ಣ ಹಡಗು ಕಟ್ಟುತ್ತಿತ್ತು. ಗಟ್ಟಿ ಹಡಗು, ಆದ್ರೆ ಅದರ ವೇಗ ಗಂಟೆಗೆ 30 ಕಿಲೋಮೀಟರ್ ಸುತ್ತಮುತ್ತ. ನೀರಿನ ಮೇಲೆ ಓಡೋ ಯು-ಬೋಟ್ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಓಡೋದು. ಅಂದ್ರೆ ಪೊಲೀಸರ ಗಾಡಿಗಿಂತ ಕಳ್ಳನ ಬೈಕು ಮುಂದೆ.

ಯು-ಬೋಟ್ ಅಂದ್ರೆ ಸದಾ ನೀರಿನಡಿಯಲ್ಲೇ ಇರೋದು ಅಂತ ನಾವು ಅಂದ್ಕೊಂಡಿರ್ತೀವಿ. ಆ ಕಾಲದಲ್ಲಿ ಹಾಗಿರಲಿಲ್ಲ. ಮುಳುಗಿದಾಗ ಬ್ಯಾಟರಿಯಲ್ಲಿ ಓಡಬೇಕು, ವೇಗ ಗಂಟೆಗೆ 13-14 ಕಿಲೋಮೀಟರ್ ದಾಟಲ್ಲ, ಅದೂ ಸ್ವಲ್ಪ ಹೊತ್ತು. ಅದಕ್ಕೆ ಅವರು ರಾತ್ರಿ ನೀರಿನ ಮೇಲೆಯೇ ಬಂದು, ಕತ್ತಲಲ್ಲಿ ಕಾಣದ ಹಾಗೆ ಹಡಗುಗಳ ಮಧ್ಯೆ ನುಗ್ಗಿ, ಟಾರ್ಪಿಡೊ ಬಿಟ್ಟು ಓಡೋರು. ಓಡೋನನ್ನು ಬೆನ್ನಟ್ಟಿ ಮುಳುಗೋ ಹಾಗೆ ಮಾಡಬೇಕು. ಮುಳುಗಿದ ಅಂದ್ರೆ ನಿಧಾನ ಆದ, ಕಾನ್ವಾಯ್ ಮುಂದೆ ಹೋಯಿತು. ಆಮೇಲೆ ಕಾವಲಿನ ಹಡಗು ಮತ್ತೆ ಓಡಿ ಬಂದು ತನ್ನ ಜಾಗ ಹಿಡೀಬೇಕು. ಇದಕ್ಕೆಲ್ಲ ಕಾಲಲ್ಲಿ ದಮ್ಮಿರಬೇಕು. ಆ ದಮ್ಮು ಮುದಿ ಡಿಸ್ಟ್ರಾಯರ್‌ಗಿತ್ತು.

ಹೊಟ್ಟೆ ಮಾತ್ರ ಸಣ್ಣದು. ವಾಕರ್ ತರದ ಹಡಗು ಹಿಡಿಯೋ ಎಣ್ಣೆ ಸುಮಾರು 370 ಟನ್. ಸಮಾಧಾನವಾಗಿ ಹೋದ್ರೆ 6,400 ಕಿಲೋಮೀಟರ್ ಬರುತ್ತೆ. ಪೂರ್ತಿ ವೇಗದಲ್ಲಿ ಓಡಿಸಿದ್ರೆ 1,600 ಕಿಲೋಮೀಟರ್‌ಗೇ ಖಾಲಿ. ಆಕ್ಸಿಲರೇಟರ್ ಒತ್ತಿದಷ್ಟೂ ಮೈಲೇಜ್ ಬೀಳೋದು ಗಾಡಿ ಓಡಿಸೋ ಎಲ್ಲರಿಗೂ ಗೊತ್ತು. ಇಲ್ಲಿ ಮಧ್ಯೆ ಬಂಕ್ ಇಲ್ಲ. ಹಾಗಾಗಿ ಈ ಹಡಗುಗಳು ಇಡೀ ಅಟ್ಲಾಂಟಿಕ್ ಜೊತೆಗೆ ಬರ್ತಿರಲಿಲ್ಲ. ಬ್ರಿಟನ್ ಕಡೆಯಿಂದ ಹೊರಟು, ಸಾಗರದ ಮಧ್ಯೆ ಕಾನ್ವಾಯ್ ಎದುರಾದಲ್ಲಿ ವಹಿಸಿಕೊಂಡು ವಾಪಸ್ ಕರ್ಕೊಂಡು ಬರೋವು.

ಕಿವಿ ಮತ್ತು ಡ್ರಮ್ಮು

ನೀರಿನಡಿ ಇರೋನನ್ನು ಹುಡುಕೋಕೆ ಇದ್ದ ಸಾಧನ ‘ಆಸ್ಡಿಕ್’. ಇವತ್ತು ಸೋನಾರ್ ಅಂತೀವಿ. ಹಡಗಿನ ತಳದಿಂದ ಒಂದು ಶಬ್ದ ಬಿಡುತ್ತೆ. ಅದು ಏನಕ್ಕಾದ್ರೂ ತಾಗಿದ್ರೆ ಪ್ರತಿಧ್ವನಿ ವಾಪಸ್ ಬರುತ್ತೆ. ಬಾವಿಗೆ ಕೂಗು ಹಾಕಿದಂಗೆ. ಕಿವಿಗೆ ಹೆಡ್‌ಫೋನ್ ಹಾಕಿ ಕೂತ ನಾವಿಕ ಆ ಸದ್ದು ಕೇಳಿಯೇ ಅದು ಸಬ್‌ಮೆರಿನ್ನೋ, ಮೀನಿನ ಹಿಂಡೋ, ಬರೀ ನೀರಿನ ಸುಳಿಯೋ ಹೇಳಬೇಕು. ಯಂತ್ರಕ್ಕಿಂತ ಆ ಕಿವಿಯೇ ಮುಖ್ಯ.

ಸಿಕ್ಕಿದ ಮೇಲೆ ‘ಡೆಪ್ತ್ ಚಾರ್ಜ್’. ದೊಡ್ಡ ಎಣ್ಣೆ ಡ್ರಮ್ ತರದ್ದು, ಒಳಗೆ 130 ಕಿಲೋ ಹತ್ತಿರ ಸ್ಫೋಟಕ. ಎಷ್ಟು ಆಳಕ್ಕೆ ಸಿಡಿಯಬೇಕು ಅಂತ ಮೊದಲೇ ತಿರುಗಿಸಿ ಇಟ್ಟು ಹಿಂದಿನಿಂದ ಉರುಳಿಸಬೇಕು. ಆಳದ ನೀರಿನ ಒತ್ತಡಕ್ಕೆ ಅದು ಸಿಡಿಯುತ್ತೆ.

ಕೇಳೋಕೆ ಸುಲಭ. ಆದ್ರೆ ಹಡಗು ಸಬ್‌ಮೆರಿನ್ ಮೇಲೆ ಬರ್ತಿದ್ದಂಗೆ ಆಸ್ಡಿಕ್ ಶಬ್ದ ಅದರ ತಲೆ ಮೇಲಿಂದ ಹಾದುಹೋಗಿ ಪತ್ತೆ ತಪ್ಪುತ್ತೆ. ಕೊನೆಯ ಕ್ಷಣ ಅಂದಾಜಿನ ಮೇಲೇ ಡ್ರಮ್ ಹಾಕಬೇಕು. ಸಿಡಿದ ಮೇಲೆ ನೀರೆಲ್ಲ ಕದಡಿ ಹೋಗಿ ಸುಮಾರು ಹೊತ್ತು ಏನೂ ಕೇಳಿಸಲ್ಲ. ಇನ್ನೊಂದು ದೊಡ್ಡ ತೂತು ಇತ್ತು. ನೀರಿನ ಮೇಲೆ ತೇಲ್ತಾ ಬರೋ ಯು-ಬೋಟನ್ನು ಆಸ್ಡಿಕ್ ಹೆಚ್ಚುಕಮ್ಮಿ ಹಿಡೀತಾನೇ ಇರಲಿಲ್ಲ. ಜರ್ಮನ್ನರು ರಾತ್ರಿ ಮೇಲೆಯೇ ಬರೋಕೆ ಇದೂ ಒಂದು ಕಾರಣ.

ಆ ಎರಡು ರಾತ್ರಿ

1941ರ ಮಾರ್ಚ್ 1ಕ್ಕೆ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಿಂದ 41 ಹಡಗುಗಳ ಕಾನ್ವಾಯ್ ಹೊರಟಿತು. ಅದರ ನಂಬರ್ ಎಚ್‌ಎಕ್ಸ್ 112. ಎಣ್ಣೆ ಟ್ಯಾಂಕರ್‌ಗಳು ಬಹಳ ಇದ್ದವು. ಬ್ರಿಟನ್ ಕಡೆಯಿಂದ ಬಂದು ವಹಿಸಿಕೊಂಡದ್ದು 5ನೇ ಬೆಂಗಾವಲು ತಂಡ. ವಾಕರ್ ಅದರ ನಾಯಕ ಹಡಗು. ಜೊತೆಗೆ ವ್ಯಾನಕ್, ವಾಲಂಟಿಯರ್, ಸಾರ್ಡೋನಿಕ್ಸ್, ಸಿಮಿಟರ್ ಅನ್ನೋ ನಾಲ್ಕು ಡಿಸ್ಟ್ರಾಯರ್, ಎರಡು ಕಾರ್ವೆಟ್. ಡಿಸ್ಟ್ರಾಯರ್ ಐದೂ ಮೊದಲ ಮಹಾಯುದ್ಧದ ಕಾಲದ ವಿನ್ಯಾಸದವೇ.

ವಾಕರ್ ಕಮಾಂಡರ್ ಡೊನಾಲ್ಡ್ ಮ್ಯಾಕಿಂಟೈರ್. ಹುಟ್ಟಿದ್ದು 1904ರಲ್ಲಿ, ನಮ್ಮ ಡೆಹ್ರಾಡೂನ್‌ನಲ್ಲಿ. ಮೊದಲು ನೌಕಾಪಡೆಯ ವಿಮಾನ ಹಾರಿಸ್ತಿದ್ದವರು. ಈ ತಂಡದ ಜವಾಬ್ದಾರಿ ಅವರಿಗೆ ಸಿಕ್ಕಿ ಇನ್ನೂ ಬಹಳ ದಿನ ಆಗಿರಲಿಲ್ಲ.

ಮಾರ್ಚ್ 15ರ ರಾತ್ರಿ, ಐಸ್‌ಲ್ಯಾಂಡಿನ ದಕ್ಷಿಣಕ್ಕೆ, ಯು-110 ಬಿಟ್ಟ ಟಾರ್ಪಿಡೊ ‘ಎರೊಡೋನಾ’ ಅನ್ನೋ ಟ್ಯಾಂಕರ್‌ಗೆ ತಾಗಿತು. ಪೆಟ್ರೋಲ್ ತರದ ಎಣ್ಣೆ ತುಂಬಿದ ಹಡಗು. ಆಕಾಶದೆತ್ತರ ಬೆಂಕಿ ಎದ್ದಿತು. ಒಳಗಿದ್ದವರಲ್ಲಿ ಬಹುಪಾಲು ಜನ ಉಳಿಯಲಿಲ್ಲ. ಕಾವಲು ಹಡಗುಗಳು ಸುತ್ತೆಲ್ಲ ಹುಡುಕಿದ್ರೂ ಹೊಡೆದವನು ಸಿಗಲಿಲ್ಲ.

16ರ ಸಂಜೆ ದೂರದಲ್ಲಿ ನೀರಿನ ಮೇಲೆ ಇನ್ನೊಂದು ಯು-ಬೋಟ್ ಕಂಡಿತು. ವಾಕರ್, ವ್ಯಾನಕ್, ಸಿಮಿಟರ್ ಮೂರೂ ಅದರ ಬೆನ್ನು ಬಿದ್ದವು. ಅದು ಯು-100. ಕ್ಯಾಪ್ಟನ್ ಯೋಆಕಿಮ್ ಶೆಪ್ಕೆ, ಜರ್ಮನಿಯಲ್ಲಿ ಮನೆಮಾತಾಗಿದ್ದ ಹೆಸರು. ಅದು ಮುಳುಗಿ ತಪ್ಪಿಸಿಕೊಂಡಿತು. ಮೂರು ಹಡಗು ಆ ಕಡೆ ಹೋಗಿದ್ದರಿಂದ ಕಾನ್ವಾಯ್ ಕಾವಲು ತೆಳ್ಳಗಾಯಿತು.

ಅದೇ ಹೊತ್ತಿಗೆ ಒಳಗೆ ನುಗ್ಗಿದವನು ಯು-99ರ ಓಟ್ಟೊ ಕ್ರೆಟ್ಷ್ಮರ್. ಒಟ್ಟು ಮುಳುಗಿಸಿದ ಹಡಗುಗಳ ಟನ್ ಲೆಕ್ಕದಲ್ಲಿ ಇಡೀ ಯುದ್ಧ ಮುಗಿಯುವವರೆಗೂ ಇವನನ್ನು ಯಾರೂ ದಾಟಲಿಲ್ಲ. ಇವನ ಪದ್ಧತಿಯೇ ಬೇರೆ. ದೂರದಿಂದ ಹೊಡೆಯೋದಲ್ಲ. ಕತ್ತಲಲ್ಲಿ ನೀರಿನ ಮೇಲೇ ಬಂದು, ಕಾವಲಿನ ಸಾಲು ದಾಟಿ, ಸರಕಿನ ಹಡಗುಗಳ ಸಾಲಿನ ಮಧ್ಯೆಯೇ ಸೇರಿಕೊಂಡು ಒಂದಕ್ಕೆ ಒಂದು ಟಾರ್ಪಿಡೊ. ಜಾತ್ರೆಯ ಗುಂಪಿನ ಒಳಗೇ ನಡೆದಾಡೋ ಜೇಬುಗಳ್ಳನನ್ನು ಹೊರಗೆ ನಿಂತ ಪೊಲೀಸ್ ಹೇಗೆ ಹಿಡೀತಾನೆ?

ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಒಂದಾದ ಮೇಲೊಂದು ಹಡಗು ಹೊತ್ತಿಕೊಂಡಿತು. ನಾರ್ವೆಯ ಟ್ಯಾಂಕರ್‌ಗಳಾದ ಫರ್ಮ್, ಬೆಡುಯಿನ್. ಮೆಕ್ಕೆಜೋಳ ತುಂಬಿದ್ದ ವೆನೀಷಿಯಾ. ಉಕ್ಕು, ನ್ಯೂಸ್‌ಪ್ರಿಂಟ್ ತುಂಬಿದ್ದ ಕೆನಡಾದ ಜೆ.ಬಿ. ವೈಟ್. ಸ್ವೀಡನ್ನಿನ ಕೋರ್ಶಾಮ್ನ್. ಐದು ಹೋದವು. ಫ್ರಾಂಶ್-ಕೊಂಟೆ ಅನ್ನೋ ಟ್ಯಾಂಕರ್‌ಗೆ ಏಟು ಬಿದ್ದರೂ ಮುಳುಗಲಿಲ್ಲ.

ವಾಕರ್ ಮೇಲೆ ನಿಂತವರ ಪರಿಸ್ಥಿತಿ ಯೋಚಿಸಿ. ಕಣ್ಣ ಮುಂದೆ ಹಡಗು ಉರೀತಿದೆ, ಯಾರು ಎಲ್ಲಿಂದ ಹೊಡೀತಿದ್ದಾರೆ ಗೊತ್ತಿಲ್ಲ, ಕಿವಿಗೆ ಏನೂ ಕೇಳ್ತಿಲ್ಲ. ಮ್ಯಾಕಿಂಟೈರ್‌ಗೆ ಉಳಿದದ್ದು ಒಂದೇ ದಾರಿ. ಹಡಗನ್ನು ನಿಧಾನಕ್ಕೆ ತಿರುಗಿಸ್ತಾ, ಬೈನಾಕ್ಯುಲರ್‌ನಲ್ಲಿ ಕತ್ತಲನ್ನು ಸೋಸೋದು. ಯು-ಬೋಟ್ ಕಾಣದಿದ್ರೂ ಅದು ನೀರು ಸೀಳಿದ ಬಿಳಿ ಗೆರೆ ಕಾಣಬಹುದು ಅಂತ.

ಕಂಡೇ ಬಿಟ್ಟಿತು. ತೆಳ್ಳಗಿನ ಬಿಳಿ ಗೆರೆ. ಹಳೇ ಬಾಯ್ಲರ್‌ಗಳಿಗೆ ಪೂರ್ತಿ ಉಸಿರು ಕೊಟ್ಟು ವಾಕರ್ ನುಗ್ಗಿತು. ಯು-ಬೋಟ್ ಮುಳುಗಿತು. ಅದು ಮುಳುಗಿದ ಜಾಗ ಇನ್ನೂ ಮಿಂಚ್ತಾ ಇರುವಾಗಲೇ ಹತ್ತು ಡೆಪ್ತ್ ಚಾರ್ಜ್ ಬಿದ್ದವು. ಆಮೇಲೆ ಪತ್ತೆ ಇಲ್ಲ, ಹಡಗಿನ ಅವಶೇಷವೂ ಇಲ್ಲ.

ಆ ಬಿಡುವಲ್ಲಿ ವಾಕರ್ ಜೆ.ಬಿ. ವೈಟ್ ಮುಳುಗಿದ ಜಾಗಕ್ಕೆ ಬಂದು ಅದರ ಕ್ಯಾಪ್ಟನ್ ಮತ್ತು 37 ಜನರನ್ನು ಮೇಲೆತ್ತಿಕೊಂಡಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಬೇಟೆ ನಡೆಯೋ ಕಡೆ ಎಂಜಿನ್ ನಿಲ್ಲಿಸಿ ಜನರನ್ನು ಎತ್ತೋದು ಅಂದ್ರೆ ತಾನೇ ಗುರಿಯಾಗಿ ನಿಂತಂಗೆ. ನಿಂತ ಹಡಗಿಗಿಂತ ಸುಲಭದ ಗುರಿ ಯು-ಬೋಟ್‌ಗೆ ಇನ್ನೊಂದಿಲ್ಲ. ಎಷ್ಟೋ ಸಲ ಕಾವಲು ಹಡಗುಗಳು ನೀರಲ್ಲಿ ಕೂಗ್ತಿದ್ದವರನ್ನು ಬಿಟ್ಟು ಮುಂದೆ ಹೋಗಬೇಕಾಗ್ತಿತ್ತು, ಯಾಕಂದ್ರೆ ಉಳಿದ ಮೂವತ್ತು ಹಡಗಿನ ಜವಾಬ್ದಾರಿ ತಲೆ ಮೇಲಿತ್ತು. ಈ ಲೆಕ್ಕವನ್ನು ಕ್ಷಣದಲ್ಲಿ ಮಾಡಬೇಕಿದ್ದವನ ಕಷ್ಟ ಮುಂದೆ ಕೂತು ಇತಿಹಾಸ ಓದೋರಿಗೆ ಪೂರ್ತಿ ಅರ್ಥ ಆಗಲ್ಲ. ಆ ರಾತ್ರಿ ವಾಕರ್ ನಿಂತಿತು, ವ್ಯಾನಕ್ ಸುತ್ತ ಕಾವಲಿತ್ತು.

ಬೆಳಗಿನ ಜಾವ ಮೂರು ಗಂಟೆ

ಜನರನ್ನು ಎತ್ತಿಕೊಂಡು ವಾಪಸ್ ಹುಡುಕಿದಾಗ ಆಸ್ಡಿಕ್‌ನಲ್ಲಿ ಮತ್ತೆ ಪ್ರತಿಧ್ವನಿ ಬಂತು. ಎರಡೂ ಹಡಗು ಸರದಿ ಮೇಲೆ ಡೆಪ್ತ್ ಚಾರ್ಜ್ ಹಾಕಿದವು. ಕೆಳಗಿದ್ದದ್ದು ಯು-100. ಒಳಗೆ ಜಖಂ ಆಗಿ, ಬೇರೆ ದಾರಿ ಇಲ್ಲದೆ ಅದು ನೀರಿನ ಮೇಲೆ ಬಂತು.

ವ್ಯಾನಕ್‌ನಲ್ಲಿ ಒಂದು ಹೊಸ ಯಂತ್ರ ಕೂರಿಸಿದ್ರು. ರೇಡಾರ್. ಆಗಿನ್ನೂ ಶೈಶವದಲ್ಲಿದ್ದದ್ದು, ಏರಿಯಲ್ ತಿರುಗ್ತಿರಲಿಲ್ಲ, ನಂಬಿಕೆಯೂ ಅಷ್ಟಕ್ಕಷ್ಟೆ. ಅದರ ಪರದೆ ಮೇಲೆ ಸುಮಾರು 900 ಮೀಟರ್ ದೂರದಲ್ಲಿ ಏನೋ ಇದೆ ಅಂತ ತೋರಿಸಿತು. ಕಣ್ಣಿಗೆ ಕಾಣೋ ಮೊದಲೇ. 1918ರ ಮಾದರಿ ಹಡಗಿನ ಕಂಬಕ್ಕೆ 1941ರ ಎಲೆಕ್ಟ್ರಾನಿಕ್ಸ್ ಕಟ್ಟಿದ್ದು ಫಲ ಕೊಟ್ಟಿತು. ವ್ಯಾನಕ್ ಪೂರ್ತಿ ವೇಗದಲ್ಲಿ ನೇರ ಹೋಗಿ ಯು-100ಗೆ ಗುದ್ದಿತು. ಶೆಪ್ಕೆ ತನ್ನ ಹಡಗಿನ ಗೋಪುರದಲ್ಲೇ ಸಿಕ್ಕಿ ಸತ್ತ. ಯು-100ರಲ್ಲಿ ಬದುಕಿದ್ದು 6 ಜನ, ಸತ್ತವರು 38.

ಈಗ ವ್ಯಾನಕ್ ನಿಂತು ಬದುಕಿದವರನ್ನು ಎತ್ತೋ ಸರದಿ. ಮೂತಿ ಜಖಂ ಆಗಿತ್ತು. ವಾಕರ್ ಸುತ್ತ ಹಾಕ್ತಾ ಕಾವಲಿಗೆ ನಿಂತಿತು. ಆಗ ವಾಕರ್‌ನ ಆಸ್ಡಿಕ್ ನಾವಿಕ ಮತ್ತೆ ಕೂಗಿದ, ಪತ್ತೆ ಸಿಕ್ಕಿದೆ ಅಂತ.

ಮ್ಯಾಕಿಂಟೈರ್ ನಂಬಲಿಲ್ಲ. ನಂಬದಿರೋಕೆ ಕಾರಣವೂ ಇತ್ತು. ಅಷ್ಟೊಂದು ಡೆಪ್ತ್ ಚಾರ್ಜ್ ಸಿಡಿದು ನೀರೆಲ್ಲ ಕದಡಿದೆ, ಎರಡು ಹಡಗು ಅಲ್ಲೇ ತಿರುಗಾಡಿವೆ, ವ್ಯಾನಕ್ ಪಕ್ಕದಲ್ಲೇ ಇನ್ನೊಂದು ಯು-ಬೋಟ್ ಇರೋಕೆ ಹೇಗೆ ಸಾಧ್ಯ? ಆದ್ರೆ ಆ ನಾವಿಕ ಪಟ್ಟು ಬಿಡಲಿಲ್ಲ. ಇದು ಸಬ್‌ಮೆರಿನ್ನೇ ಅಂದ. ಕಮಾಂಡರ್ ಮಾತಿಗೆ ಎದುರು ಹೇಳೋ ಧೈರ್ಯ, ಆ ಮಾತು ಕೇಳೋ ತಾಳ್ಮೆ, ಎರಡೂ ಆ ಹೊತ್ತಲ್ಲಿ ಒಟ್ಟಿಗೆ ಇದ್ದವು. ವಾಕರ್ ಆರು ಡೆಪ್ತ್ ಚಾರ್ಜ್ ಹಾಕಿತು.

ಕೆಳಗಿದ್ದವನು ಕ್ರೆಟ್ಷ್ಮರ್. ಟಾರ್ಪಿಡೊ ಎಲ್ಲಾ ಖಾಲಿ ಮಾಡ್ಕೊಂಡು ಮನೆ ದಾರಿ ಹಿಡಿದಿದ್ದ. ಮೇಲೆ ಕಾವಲಿದ್ದ ಅವನ ಅಧಿಕಾರಿಗೆ ಎದುರಲ್ಲೇ ಡಿಸ್ಟ್ರಾಯರ್ ಕಂಡಿತು. ಇಂಥ ಹೊತ್ತಲ್ಲಿ ಮುಳುಗಬೇಡಿ, ಮೇಲೆಯೇ ಓಡಿ ಅನ್ನೋದು ಕ್ರೆಟ್ಷ್ಮರ್ ನಿಯಮ. ಗಾಬರಿಯಲ್ಲಿ ಅಧಿಕಾರಿ ಮುಳುಗೋಕೆ ಆರ್ಡರ್ ಕೊಟ್ಟ. ಮುಳುಗಿದ್ರಿಂದಲೇ ಆಸ್ಡಿಕ್‌ಗೆ ಸಿಕ್ಕಿಬಿದ್ದ. ಮೇಲೆಯೇ ಇದ್ದಿದ್ರೆ ವಾಕರ್ ಕಿವಿಗೆ ಬೀಳ್ತಿರಲಿಲ್ಲವೇನೋ.

ಯು-99 ಮೇಲೆ ಬಂತು. ವ್ಯಾನಕ್ ಸರ್ಚ್‌ಲೈಟ್ ಬಿಟ್ಟಿತು, ಗುಂಡು ಹಾರಿದವು. ಕ್ರೆಟ್ಷ್ಮರ್ ದೀಪದ ಸಿಗ್ನಲ್‌ನಲ್ಲಿ ಇಂಗ್ಲಿಷಿನಲ್ಲೇ ಕಳಿಸಿದ: ಮುಳುಗ್ತಿದ್ದೇವೆ, ನನ್ನ ಜನ ನಿಮ್ಮ ಕಡೆ ತೇಲಿ ಬರ್ತಿದ್ದಾರೆ, ಉಳಿಸಿ ಅಂತ. ಗುಂಡು ನಿಂತಿತು. ವಾಕರ್ ಬಲೆ ಇಳಿಬಿಟ್ಟು 40 ಜನರನ್ನು ಎತ್ತಿತು. ಮೂವರು ಬರಲಿಲ್ಲ. ಅವರಲ್ಲಿ ಒಬ್ಬ ಎಂಜಿನಿಯರ್ ಶ್ರೋಡರ್. ಹಡಗು ಬ್ರಿಟಿಷರ ಕೈಗೆ ಸಿಗಬಾರದು, ಬೇಗ ಮುಳುಗಲಿ ಅಂತ ಒಳಗಿಳಿದವನು ಮೇಲೆ ಬರಲೇ ಇಲ್ಲ.

ಒಂದೇ ಸೂರಿನಡಿ

ಬೆಳಕು ಹರಿದಾಗ ಸಣ್ಣ ವಾಕರ್ ಹಡಗಿನಲ್ಲಿ ಅದರ ಸ್ವಂತ ನಾವಿಕರು, ಹಡಗು ಕಳ್ಕೊಂಡ ಜೆ.ಬಿ. ವೈಟ್‌ನ 38 ಜನ, ಅದನ್ನು ಮುಳುಗಿಸಿದ ಯು-99ರ 40 ಜನ ಒಟ್ಟಿಗಿದ್ರು. ಕಳ್ಕೊಂಡೋರಿಗೂ ಕಳೆದೋರಿಗೂ ಒಂದೇ ಅಡುಗೆಮನೆ. ಹೊಡೆದಾಟ ಆಗಲಿಲ್ಲ. ಸರಕಿನ ಹಡಗಿನ ಅಧಿಕಾರಿಗಳು, ವಾಕರ್‌ನ ಎಂಜಿನಿಯರ್, ಸೆರೆಸಿಕ್ಕ ಕ್ರೆಟ್ಷ್ಮರ್ ಕೂತು ಬ್ರಿಡ್ಜ್ ಇಸ್ಪೀಟು ಆಡಿದ್ದನ್ನು ಮ್ಯಾಕಿಂಟೈರ್ ಆಮೇಲೆ ಬರೆದಿದ್ದಾರೆ. ಕ್ರೆಟ್ಷ್ಮರ್ ಹತ್ತಿರ ಇದ್ದ ಒಳ್ಳೇ ಜರ್ಮನ್ ಬೈನಾಕ್ಯುಲರ್ ಮ್ಯಾಕಿಂಟೈರ್ ಪಾಲಾಯಿತು. ಉಳಿದ ಯುದ್ಧದಲ್ಲಿ ಅದರಲ್ಲೇ ಅವರು ಯು-ಬೋಟ್ ಹುಡುಕಿದ್ರು.

ಲಿವರ್‌ಪೂಲ್‌ನಲ್ಲಿ ಆ ಭಾಗದ ಮುಖ್ಯಸ್ಥ ಅಡ್ಮಿರಲ್ ಪರ್ಸಿ ನೋಬಲ್ ಅವರೇ ಬಂದು ವಾಕರ್ ತಂಡವನ್ನು ಎದುರುಗೊಂಡ್ರು. ಇದಕ್ಕೆ ಸುಮಾರು ಹತ್ತು ದಿನ ಮೊದಲು ಜರ್ಮನಿಯ ಇನ್ನೊಬ್ಬ ಹೆಸರಾಂತ ಕ್ಯಾಪ್ಟನ್ ಗುಂಥರ್ ಪ್ರೀನ್ ಕೂಡ ತನ್ನ ಯು-47 ಸಮೇತ ಕಾಣೆಯಾಗಿದ್ದ. ಒಂದೇ ತಿಂಗಳಲ್ಲಿ ಮೂವರು. ಅಲ್ಲಿಯವರೆಗೆ ಯು-ಬೋಟ್‌ಗಳನ್ನು ಹಿಡಿಯೋಕೇ ಆಗಲ್ಲ ಅಂತಿದ್ದ ಮಾತು ನಿಂತಿತು.

ಆದ್ರೂ ಲೆಕ್ಕ ನೇರ ಇಡಬೇಕು. ಕಾವಲಿನ ಕೆಲಸ ಯು-ಬೋಟ್ ಮುಳುಗಿಸೋದಲ್ಲ, ಸರಕು ದಡ ಸೇರಿಸೋದು. ಆ ಲೆಕ್ಕದಲ್ಲಿ ಐದು ಹಡಗು ಹೋದದ್ದು ಸೋಲೇ. ಎರೊಡೋನಾದಲ್ಲಿ ಸುಟ್ಟುಹೋದವರ ಮನೆಯವರಿಗೆ ಕ್ರೆಟ್ಷ್ಮರ್ ಸಿಕ್ಕಿದ್ದು ಏನು ಸಮಾಧಾನ ಕೊಟ್ಟೀತು? ಸರಕಿನ ಹಡಗಿನ ನಾವಿಕರು ಸೈನಿಕರೂ ಅಲ್ಲ. ಸಂಬಳಕ್ಕೆ ದುಡಿಯೋ ಜನ. ಬ್ರಿಟನ್ನಿನ ಸರಕು ಹಡಗುಗಳ ಬಾಯ್ಲರ್ ಕೋಣೆಗಳಲ್ಲಿ, ಅಡುಗೆಮನೆಗಳಲ್ಲಿ ಆಗ ಸಾವಿರಾರು ಭಾರತೀಯರೂ ಇದ್ರು, ಚಿತ್ತಗಾಂಗ್, ಸಿಲ್ಹೆಟ್, ಗೋವಾ, ರತ್ನಾಗಿರಿ ಕಡೆಯವರು. ‘ಲಸ್ಕರ್’ ಅಂತ ಕರೀತಿದ್ರು. ಹಡಗಿನ ತಳದಲ್ಲಿ ಕೆಲಸ ಮಾಡೋನಿಗೆ ಟಾರ್ಪಿಡೊ ಬಿದ್ದಾಗ ಮೆಟ್ಟಿಲು ಹತ್ತಿ ಬರೋಕೂ ಸಮಯ ಸಿಗ್ತಿರಲಿಲ್ಲ. ಇವರ ಬಗ್ಗೆ ಸಿನಿಮಾಗಳಲ್ಲಿ ಒಂದು ಸೀನೂ ಸಿಗಲ್ಲ.

ಒಂದು ಬಾಯ್ಲರ್ ಕಿತ್ತರು

ಕಾನ್ವಾಯ್‌ಗೆ ಇಡೀ ದಾರಿ ಕಾವಲು ಬೇಕು ಅನ್ನೋದು ಬೇಗ ಗೊತ್ತಾಯಿತು. ಹಳೇ ಡಿಸ್ಟ್ರಾಯರ್‌ಗಳ ಸಣ್ಣ ಹೊಟ್ಟೆಗೆ ಒಂದು ಉಪಾಯ ಹುಡುಕಿದ್ರು. ಮೂರು ಬಾಯ್ಲರ್‌ನಲ್ಲಿ ಒಂದನ್ನು ಕಿತ್ತುಹಾಕಿದ್ರು. ಆ ಜಾಗದ ಕೆಳಗಿನ ಭಾಗಕ್ಕೆ ಎಣ್ಣೆ ಟ್ಯಾಂಕ್, ಮೇಲಿನ ಭಾಗ ನಾವಿಕರಿಗೆ ಮಲಗೋಕೆ. ಮುಂದಿನ ಹೊಗೆ ಕೊಳವೆಯೂ ಹೋಯಿತು. ವೇಗ ಗಂಟೆಗೆ 45 ಕಿಲೋಮೀಟರ್‌ಗೆ ಇಳಿಯಿತು, ಆದ್ರೆ ಯು-ಬೋಟ್ ಬೆನ್ನಟ್ಟೋಕೆ ಅಷ್ಟು ಸಾಕು. ಹಡಗು ಹಡಗುಗಳ ಮೇಲೆ ಹೊಡೆಯೋಕೆ ಇಟ್ಟಿದ್ದ ತೋಪು, ಟಾರ್ಪಿಡೊಗಳನ್ನು ಕಮ್ಮಿ ಮಾಡಿ ಡೆಪ್ತ್ ಚಾರ್ಜ್‌ಗೆ ಜಾಗ ಮಾಡಿದ್ರು. ರೇಸ್ ಬೈಕನ್ನು ಹಾಲಿನ ಕ್ಯಾನ್ ಹೊರೋ ಬೈಕ್ ಮಾಡಿದಂಗೆ. ಶೋಕಿ ಹೋಯಿತು, ಕೆಲಸಕ್ಕೆ ಬಂತು. 1943ರಲ್ಲಿ ವಾಕರ್‌ಗೂ ಈ ಆಪರೇಷನ್ ಆಯಿತು.

1944ರಲ್ಲಿ ಅದು ಉತ್ತರ ಧ್ರುವದ ಹತ್ತಿರದ ದಾರಿಯಲ್ಲಿ, ಹಡಗಿನ ಮೈಮೇಲೆ ಮಂಜುಗಡ್ಡೆ ಕಟ್ಟೋ ಚಳಿಯಲ್ಲಿ, ರಷ್ಯಾಕ್ಕೆ ಸರಕು ಒಯ್ಯೋ ಕಾನ್ವಾಯ್‌ಗಳ ಕಾವಲಿಗೆ ಹೋಯಿತು. 1919ರಲ್ಲಿ ಯಾರ ಗುಂಡು ತಿಂದಿತ್ತೋ ಅವರ ಮನೆಗೇ ಈಗ ಸಾಮಾನು ಮುಟ್ಟಿಸೋ ಕೆಲಸ.

ಕ್ರೆಟ್ಷ್ಮರ್ ಕೆನಡಾದಲ್ಲಿ ಸೆರೆಯಲ್ಲಿದ್ದು 1947ರಲ್ಲಿ ಬಿಡುಗಡೆಯಾದ. ಮುಂದೆ ಪಶ್ಚಿಮ ಜರ್ಮನಿಯ ನೌಕಾಪಡೆ ಸೇರಿ ಅಡ್ಮಿರಲ್ ದರ್ಜೆಗೆ ಏರಿ 1998ರಲ್ಲಿ ತೀರಿಕೊಂಡ. 1955ರಲ್ಲಿ ಮ್ಯಾಕಿಂಟೈರ್ ಅವನ ಬೈನಾಕ್ಯುಲರ್ ವಾಪಸ್ ಕೊಟ್ಟಿದ್ರು.

ವಾಕರ್‌ಗೆ ಅಷ್ಟು ಆಯಸ್ಸು ಸಿಗಲಿಲ್ಲ. 1946ರ ಮಾರ್ಚ್‌ನಲ್ಲಿ ಹಡಗನ್ನು ಮಾರಿದ್ರು. ಬಿಚ್ಚಿದ್ದು ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ, ಅದನ್ನು ಕಟ್ಟಿದ ಡಂಬಾರ್ಟನ್‌ನಿಂದ ಹೆಚ್ಚು ದೂರವೇನಿಲ್ಲ.